ಬಾಗಿಲಲ್ಲಿ ನಿಂತು ಕೇಳುವುದು

ಪ್ರಶಾಂತ ಇನ್ನೊಂದು ಸಲ ಥ್ಯಾಂಕ್ಸ್ ಹೇಳಿಬಿಟ್ಟರೆ ತನ್ನ ಮುಖ ಹೇಗಾದೀತು ಎನ್ನುವುದೇ ಆ ಬೆಳಿಗ್ಗೆ ವಾಣಿಶ್ರೀಯ ಚಿಂತೆಯಾಗಿತ್ತು. ಚಿಂತೆ ಎಂದು ಕರೆಯಲೂ ನಾಚಿಕೆಯಾಗುವಷ್ಟು ಸಣ್ಣದು. ಆದರೆ ದಾವಣಗೆರೆಯ ಸರಸ್ವತಿ ನಗರದ ಮನೆಯಲ್ಲಿ ಕನ್ನಡಿಯ ಮುಂದೆ ಜಡೆ ಹೆಣೆದುಕೊಳ್ಳುತ್ತ ನಿಂತಾಗ, ಹೌದು, ನನಗಿರುವುದು ಇದೇ ಭಯ, ಬೇರೆ ಯಾವುದೂ ಅಲ್ಲ ಎಂದು ತನಗೆ ತಾನೇ ಒಪ್ಪಿಕೊಂಡಳು. ಆಫೀಸಿನ ಕೆಲಸಕ್ಕೆಂದು ಇಬ್ಬರೂ ಹೋಗಬೇಕಿದ್ದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ಮೇಲಾಗುತ್ತದೆ. ಅಷ್ಟು ಹೊತ್ತು ಪಕ್ಕದಲ್ಲಿ ಕೂತವನು ಸುಮ್ಮನಿರುವುದಿಲ್ಲ. ಭಾನುವಾರ ಆಫೀಸಿಗೆ ಬಂದು ತನ್ನ ಜೊತೆ ಕೂತಳೆಂದು ಅವನು ಆಗಲೇ ಮೂರು ಸಲ ಥ್ಯಾಂಕ್ಸ್ ಹೇಳಿದ್ದಾನೆ. ಒಂದು ಸಲ ಮೆಟ್ಟಿಲ ಮೇಲೆ, ಒಂದು ಸಲ ಫೋನಿನಲ್ಲಿ ಬರೆದು, ಇನ್ನೊಂದು ಸಲ ಎಲ್ಲರ ಎದುರು. ಮೂರು ಸಲವೂ ಅವಳು ನಕ್ಕಿದ್ದಳು. ಆ ನಗು ಹೇಗಿತ್ತೆಂದು ನೋಡಬೇಕೆನ್ನಿಸಿ ಈಗ ಕನ್ನಡಿಗೆ ಅದನ್ನೇ ನಕ್ಕು ತೋರಿಸಿ, ತಟ್ಟನೆ ಮುಖ ತಿರುಗಿಸಿದಳು. ಅಡುಗೆಮನೆಯಿಂದ ಅಮ್ಮ ನಿರ್ಮಲಮ್ಮ, "ರೊಟ್ಟಿ ಎಲ್ಡು ಸಾಕೇನೆ?" ಎಂದರು. "ಹ್ಞೂಂ" ಎಂದಳು. ಸಾಕಾಗುವುದಿಲ್ಲ. ಮಧ್ಯಾಹ್ನ ಡಬ್ಬಿ ತೆಗೆದರೆ ಮೂರು ಇರುತ್ತವೆ. ಅದು ಅವಳಿಗೂ ಗೊತ್ತು, ಅಮ್ಮನಿಗೂ ಗೊತ್ತು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಮೂರನೆಯ ರೊಟ್ಟಿಯನ್ನು ಅವಳು ಬಾಯಿಬಿಟ್ಟು ಕೇಳಿದ್ದಿಲ್ಲ, ಅದು ಬಾರದೇ ಇದ್ದದ್ದೂ ಇಲ್ಲ.

ಬಸ್ಸಿನಲ್ಲಿ ಪ್ರಶಾಂತ ಕಿಟಕಿಯ ಸೀಟಿನ ಮೇಲೆ ಬ್ಯಾಗಿಟ್ಟು ಅವಳಿಗಾಗಿ ಜಾಗ ಹಿಡಿದಿದ್ದ. ಆಫೀಸಿನ ಯಜಮಾನರಾದ ಮಹಾಂತೇಶ್ ಸರ್ ಮತ್ತು ಅಲ್ಲಿನ ಹಿರಿಯ ಇಂಜಿನಿಯರು ಬಿಲ್ಕೀಸ್ ಮೇಡಂ ಕಾರಿನಲ್ಲಿ ಮುಂದೆ ಹೋಗಿದ್ದರು. ಕಾರಿನ ಹಿಂದಿನ ಸೀಟಿನ ತುಂಬ ಹರಿಹರದ ಲ್ಯಾಬಿಗೆ ಕೊಡಬೇಕಾದ ಪ್ರಿಂಟರುಗಳು ಕೂತಿದ್ದವು. ಕಂಡಕ್ಟರು ಅವಳ ಆಧಾರ್ ಕಾರ್ಡು ನೋಡಿ ಸೊನ್ನೆ ಟಿಕೆಟು ಹರಿದು ಕೊಟ್ಟ. "ಅಕ್ಕಾರಿಗೆ ಫ್ರೀ ಐತೆ. ನೀವು ಗಂಡಸಾಗಿ ಹುಟ್ಟಿದ ತಪ್ಪಿಗೆ ರೊಕ್ಕ ತೆಗೀರಿ" ಎಂದು ಪ್ರಶಾಂತನಿಗೆ ಹೇಳಿದ. "ಈ ವಾರ ಎಲ್ಲಾ ತಪ್ಪಿಗೂ ನಾನೇ ಕಟ್ತಾ ಇದೀನಿ, ಇದೊಂದು ಸೇರಿಸ್ಕಳ್ರಿ" ಎಂದ ಪ್ರಶಾಂತ. ಕಂಡಕ್ಟರಿಗೆ ಅರ್ಥವಾಗದಿದ್ದರೂ ನಕ್ಕು ಮುಂದೆ ಹೋದ. ವಾಣಿಶ್ರೀ ಕಿಟಕಿಯ ಸರಳು ಹಿಡಿದು ಹೊರಗೆ ನೋಡತೊಡಗಿದಳು.

ಹರಿಹರಕ್ಕೆ ಅವಳು ಮೊದಲ ಸಲ ಹೋಗಿದ್ದು ಯಾರದೋ ಮದುವೆಗೆ. ಆಗ ಅವಳಿಗೆ ಏಳು ವರ್ಷವೋ ಎಂಟೋ. ಊಟದ ಪಂಕ್ತಿಯಲ್ಲಿ ಅಮ್ಮ ಎಲ್ಲೋ ದೂರ ಕೂತಿದ್ದರು. ಅನ್ನದ ಬುಟ್ಟಿ ಹಿಡಿದವನು ಇವಳ ಎಲೆಯೊಂದನ್ನು ಬಿಟ್ಟು ಮುಂದೆ ಹೋಗಿಬಿಟ್ಟ. ಇವಳು ಉಪ್ಪು, ಉಪ್ಪಿನಕಾಯಿ, ಹಪ್ಪಳದ ಚೂರನ್ನು ತಿಂದು ಎಲೆಯ ಅಂಚನ್ನು ಮಡಿಸುತ್ತ ಕೂತಳು. ಸಾರು ಬಡಿಸುವವನು ಬಂದು, ಅನ್ನವಿಲ್ಲದ ಎಲೆ ನೋಡಿ, ಈ ಮಗುವಿನ ಊಟ ಮುಗಿಯಿತೆಂದು ದಾಟಿಹೋದ. ಆಗ ಪಕ್ಕದಲ್ಲಿದ್ದ ಗುರುತಿಲ್ಲದ ಒಬ್ಬ ಹೆಂಗಸು ಎಡಗೈ ಎತ್ತಿ, ಇಡೀ ಛತ್ರಕ್ಕೆ ಕೇಳುವಂತೆ, "ಏಯ್, ಇಲ್ಲೊಂದು ಕೂಸು ಐತಪ್ಪಾ, ಅನ್ನ ತಗಂಬಾ" ಎಂದಿದ್ದಳು. ಆ ಹೆಂಗಸಿನ ಮುಖ ನೆನಪಿಲ್ಲ. ಹಸಿರು ಬಳೆ ತುಂಬಿದ ಆ ಎಡಗೈ ನೆನಪಿದೆ. ತನ್ನ ಬದುಕಿನಲ್ಲಿ ತನಗಾಗಿ ಕೇಳಿದವರ ಕೈಗಳೇ ಎಷ್ಟಿವೆ ಎಂದು ವಾಣಿಶ್ರೀಗೆ ಆಗಾಗ ಅನ್ನಿಸುತ್ತದೆ. ಕಾಲೇಜಿನಲ್ಲಿ ಅವಳ ಪರವಾಗಿ ಹಾಲ್ ಟಿಕೆಟು ಕೇಳಿದ ಗೆಳತಿ, ಈ ಕೆಲಸಕ್ಕೆ ಅವಳ ಹೆಸರು ಹೇಳಿದ ಮೇಷ್ಟ್ರು. ಡೈರಿಯಲ್ಲಿ ಅವರ ಹೆಸರುಗಳಿವೆ. ಅವರಲ್ಲಿ ಯಾರಿಗೂ ಅವಳು ಅದನ್ನು ಹೇಳಿಲ್ಲ.

ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯಲ್ಲಿ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳೇ ಅವರ ಆಫೀಸು. ಒಂದು ರಕ್ತ ಪರೀಕ್ಷೆಯ ಲ್ಯಾಬಿಗೆ ಬೇಕಾದ ಸಾಫ್ಟ್‌ವೇರು ಮಾಡಿ ನೋಡಿಕೊಳ್ಳುವುದು ಮುಖ್ಯ ಕೆಲಸ. ಆ ಲ್ಯಾಬಿಗೆ ದಾವಣಗೆರೆಯಲ್ಲಿ ಮೂರು ಶಾಖೆ, ಹರಿಹರದಲ್ಲಿ ಒಂದು. ಬಿಲ್ಕೀಸ್ ಮೇಡಂ ಬರುವ ಮೊದಲು ಅದೆಲ್ಲ ಒಂದೇ ಮುದ್ದೆಯಾಗಿತ್ತಂತೆ, ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಕಿರುಚುತ್ತಿತ್ತಂತೆ. ಮೇಡಂ ಎರಡು ವರ್ಷ ಕೂತು ಅದನ್ನು ಬಿಡಿಸಿ, ಸೇವೆಗಳೆಂದು ಕರೆಯುವ ಬೇರೆ ಬೇರೆ ಭಾಗಗಳನ್ನು ಮಾಡಿದರು. ರೋಗಿಯ ಹೆಸರು, ವಯಸ್ಸು ಬರೆದುಕೊಳ್ಳುವ ನೋಂದಣಿ ಒಂದು, ಅದು ಪ್ರಶಾಂತನದು. ಪರೀಕ್ಷೆಯ ಫಲಿತಾಂಶವನ್ನು ಅಚ್ಚು ಹಾಕುವ ರಿಪೋರ್ಟು ಇನ್ನೊಂದು, ಅದು ವಾಣಿಶ್ರೀಯದು. ರೋಗಿಯ ಫೋನಿಗೆ ಸಂದೇಶ ಕಳಿಸುವುದು ಮತ್ತೊಬ್ಬರದು. ಒಂದು ಕೆಟ್ಟರೂ ಉಳಿದವು ನಡೆಯಬೇಕು, ಒಬ್ಬರು ತಮ್ಮ ಸೇವೆಯ ಒಳಗನ್ನು ಹೇಗೆ ಬದಲಾಯಿಸಿಕೊಂಡರೂ ಇನ್ನೊಬ್ಬರಿಗೆ ಅದು ತಟ್ಟಬಾರದು. ಕೆಲಸಕ್ಕೆ ಸೇರಿದ ದಿನ ಮೇಡಂ ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು: "ನಮ್ಮ ಓಣಿಯಾಗೆ ಎಲ್ಡು ಮನೆಗೆ ಒಂದೇ ಗೋಡೆ. ಆದ್ರೂ ಪಕ್ಕದ ಮನೆ ಸಕ್ರೆ ಬೇಕು ಅಂದ್ರೆ ಬಾಗ್ಲಾಗೆ ನಿಂತು ಕೇಳ್ಬೇಕು. ಅವ್ರು ಯಾವ ಡಬ್ಬಿಯಾಗೆ ಇಟ್ಟಾರೆ ಅನ್ನೋದು ನಿನಗ್ಯಾಕ? ಹಿತ್ಲಿಂದ ನುಗ್ಗಿ ನೀನೇ ತಗಂಡ್ ಬಂದಿ ಅಂದ್ಕ, ಅವ್ರು ಡಬ್ಬಿ ಬದ್ಲಿ ಮಾಡಿದ ದಿನ ನಿನ್ನ ಚಾದಾಗೆ ಉಪ್ಪು ಬೀಳ್ತೈತೆ." ಅದಕ್ಕಾಗಿಯೇ ಒಂದು ನೇಮವಿತ್ತು. ಇನ್ನೊಬ್ಬರ ಸೇವೆಯಿಂದ ಹೊಸದೇನಾದರೂ ಬೇಕೆಂದರೆ ಎದ್ದು ಅವರ ಮೇಜಿನ ಹತ್ತಿರ ಹೋಗಿ ಬಾಯಿಬಿಟ್ಟು ಕೇಳಬೇಕು, ಅವರು ಒಪ್ಪಿದ ಮೇಲೆ ಕಿಟಕಿಯ ಪಕ್ಕ ದಾರದಲ್ಲಿ ತೂಗುಬಿಟ್ಟ ಉದ್ದ ನೋಟ್‌ಬುಕ್ಕಿನಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಫೋನಿನಲ್ಲಿ ಬರೆದು ಕಳಿಸುವಂತಿಲ್ಲ. "ಬರದ್ರೆ ಅರ್ಧ ತಿಳೀತೈತೆ, ಮುಖ ನೋಡಿ ಕೇಳ್ರಿ" ಎನ್ನುವುದು ಮೇಡಂ ಮಾತು.

ಒಮ್ಮೆ ತನ್ನ ರಿಪೋರ್ಟಿಗಾಗಿ ವಾಣಿಶ್ರೀಗೆ ಬೇಕಾಗಿದ್ದದ್ದು ಹಸುಗೂಸುಗಳ ವಯಸ್ಸು. ಹುಟ್ಟಿ ಮೂರು ದಿನವಾದ ಕೂಸಿನ ರಕ್ತದಲ್ಲಿ ಇರಬೇಕಾದ ಅಂಶಗಳ ಮಟ್ಟವೇ ಬೇರೆ, ಮೂವತ್ತು ದಿನದ್ದೇ ಬೇರೆ. ಪ್ರಶಾಂತನ ನೋಂದಣಿಯನ್ನು ಕೇಳಿದರೆ ಬರೀ ವರ್ಷ ಹೇಳುತ್ತಿತ್ತು. ದಿನದ ಲೆಕ್ಕವನ್ನೂ ಕೊಡುವಂತೆ ಮಾಡು ಎಂದು ಅವನನ್ನು ಕೇಳಬೇಕು. ಒಂದೇ ಮಾತು. ಆ ಮಾತನ್ನು ಬಚ್ಚಲಲ್ಲಿ ಹೇಳಿ ನೋಡಿಕೊಂಡು, ಎದ್ದು, ನೀರಿನ ಕ್ಯಾನಿನ ಪಕ್ಕದಲ್ಲಿದ್ದ ಅವನ ಕುರ್ಚಿಯ ಹಿಂದೆ ಹೋಗಿ ನಿಂತಿದ್ದಳು. ಅವನ ಕಿವಿಯಲ್ಲಿ ಹಾಡು. ಅವನು ತಿರುಗಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ಭುಜ ಮುಟ್ಟುವುದು ಹೇಗೆ, ಮುಟ್ಟದೆ ಕರೆಯುವುದು ಹೇಗೆ. ಮಹಾಂತೇಶ್ ಸರ್ ಒಳಗೆ ಬಂದವರು, "ಏನವ್ವ, ನೀರಿಗೆ ಬಂದಾಕಿ ಬಾಟ್ಲಿ ಮರ್ತು ಬಂದೀಯಾ?" ಎಂದರು. ಎಲ್ಲರೂ ನಕ್ಕರು, ಯಾವ ಕೆಟ್ಟತನವೂ ಇಲ್ಲದೆ. ಅವಳೂ ನಕ್ಕು ಹೋಗಿ ಬಾಟಲಿ ತಂದು, ಬೇಡದಿದ್ದ ನೀರು ತುಂಬಿಕೊಂಡು ವಾಪಸು ಕೂತಳು. ಸಂಜೆ ಎಲ್ಲರೂ ಹೊರಟ ಮೇಲೆ, ಪ್ರಶಾಂತನ ನೋಂದಣಿಯ ಮಾಹಿತಿ ಇರುವ ಜಾಗಕ್ಕೆ ತಾನೇ ಹೋಗಿ ನೋಡಿದಳು. ಬೀಗವೇನೂ ಇರಲಿಲ್ಲ, ನೇಮವಿದ್ದ ಮೇಲೆ ಬೀಗ ಯಾಕೆಂದು ಯಾರೂ ಹಾಕಿರಲಿಲ್ಲ. ದಿನದ ಲೆಕ್ಕ ಅಲ್ಲೇ ಒಂದು ಅಂಕಣದಲ್ಲಿ ಕೂತಿತ್ತು. ಎಲ್ಲರ ವಯಸ್ಸನ್ನೂ ಅಲ್ಲಿಂದ ಎತ್ತಿಕೊಳ್ಳುವಂತೆ ತನ್ನ ರಿಪೋರ್ಟಿನಲ್ಲಿ ಒಂದು ಸಾಲು ಬರೆದಳು. ಒಂದೇ ಸಾಲು. ಆ ದಿನದ ಡೈರಿಯಲ್ಲಿ, "ಇವತ್ತು ಯಾರ ಹಂಗೂ ಇಲ್ಲದೆ ಒಂದು ಕೆಲಸ ಮಾಡಿದೆ" ಎಂದು ಬರೆದು ಅಡಿಗೆರೆ ಎಳೆದಿದ್ದಳು. ಎಂಥ ಸಂತೋಷವಿತ್ತು ಆ ಅಡಿಗೆರೆಯಲ್ಲಿ. ಸ್ವತಂತ್ರವಾಗಿರುವುದೆಂದರೆ ಇದೇ, ಯಾರ ಬಾಗಿಲಿಗೂ ಹೋಗದೆ ಇರುವುದು ಎಂದುಕೊಂಡಿದ್ದಳು.

"ಬಾತಿ ಗುಡ್ಡ ಬಂತು" ಎಂದ ಪ್ರಶಾಂತ, ಬಸ್ಸಿನ ಕಿಟಕಿಯಾಚೆ ಕೈ ತೋರಿಸಿ. ಅವಳು ಹ್ಞೂಂಗುಟ್ಟಿದಳು. "ಒಂದು ಮಾತು ವಾಣಿ" ಎಂದ. ಬಂತು ಎಂದುಕೊಂಡಳು. "ನಾಳೆಯಿಂದ ನಾನು ಪ್ರಿಂಟರ್ ಪ್ರಶಾಂತ. ಹೋಗ್ಲಿ ಬಿಡು, ಅದೂ ಒಂದು ಕೆಲ್ಸನೇ. ಆದ್ರೆ ಭಾನುವಾರ ನೀನು ಬರ್ದೇ ಇದ್ದಿದ್ರೆ ನಾನು ಒಬ್ನೇ ಕೂತು ಹುಚ್ಚ ಆಗ್ತಿದ್ದೆ. ಬ್ಯಾರೆ ಯಾರೂ ಬರ್ಲಿಲ್ಲ ನೋಡು. ಥ್ಯಾಂಕ್ಸ್."

"ಪರವಾಗಿಲ್ಲ" ಎಂದಳು. ಮುಖ ಹೇಗಾಯಿತೋ ಗೊತ್ತಾಗಲಿಲ್ಲ.

ಹೋದ ಗುರುವಾರ ಬೆಳಿಗ್ಗೆ ಪ್ರಶಾಂತ ತನ್ನ ನೋಂದಣಿಯಲ್ಲಿ ವಯಸ್ಸಿನ ಬದಲು ಹುಟ್ಟಿದ ತಾರೀಕನ್ನು ಇಡಲು ತೊಡಗಿದ್ದ. ಮೊದಲು ಹರಿಹರದ ಶಾಖೆಗೆ ಮಾತ್ರ. ಅವನ ಕಡೆಯಿಂದ ಎಲ್ಲ ಸರಿಯಾಗಿಯೇ ಇತ್ತು. ಯಾರು ನೇಮದಂತೆ ಕೇಳಿದರೂ ತಾರೀಕಿನಿಂದ ಲೆಕ್ಕ ಹಾಕಿ ಸರಿಯಾದ ವಯಸ್ಸನ್ನೇ ಕೊಡುತ್ತಿತ್ತು. ಹಳೆಯ ಅಂಕಣವನ್ನು ಅವನು ಖಾಲಿ ಬಿಟ್ಟಿದ್ದ. ಖಾಲಿಯಾದ ಆ ಅಂಕಣದಿಂದ ವಾಣಿಶ್ರೀಯ ರಿಪೋರ್ಟು ಸೊನ್ನೆಯನ್ನು ಎತ್ತಿಕೊಂಡು, ಹರಿಹರಕ್ಕೆ ಬಂದವರನ್ನೆಲ್ಲ ಆಗತಾನೇ ಹುಟ್ಟಿದವರೆಂದು ತಿಳಿದು, ಕೂಸಿನ ಮಟ್ಟಕ್ಕೆ ಹೋಲಿಸಿ ಎಲ್ಲರ ರಕ್ತದ ಮುಂದೂ ಕೆಂಪು ಗುರುತು ಹಾಕತೊಡಗಿತು. ಹನ್ನೊಂದು ಗಂಟೆಗೆ ಫೋನು ಬಂತು. ಎತ್ತಿದ್ದು ಇವಳೇ. ಹರಿಹರದ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ನೂರ್ಜಹಾನ್. "ಯಾರವ್ವ ಮಾತಾಡಾದು? ಎಪ್ಪತ್ತೆರಡು ವರ್ಷದ ಯಜಮಾನ್ರನ್ನ ನಿಮ್ ಕಂಪ್ಯೂಟ್ರು ತೊಟ್ಲಾಗೆ ಮಲಗ್ಸೈತೆ ನೋಡು. ಒಂದೇ ಒಂದು ರಿಪೋರ್ಟು ಕೈಬಿಟ್ಟು ಹೋತು, ಉಳಿದಿದ್ದು ನಾನು ತಡೆದೀನಿ. ನೀವು ಸರಿಮಾಡ್ಕಳ್ರಿ, ಅಲ್ಲಿಮಟ ನಾನು ಕೈಯಾಗೆ ಬರೀತೀನಿ." ಆ ದಿನ ನೂರ್ಜಹಾನ್ ನಲವತ್ತಮೂರು ರಿಪೋರ್ಟುಗಳನ್ನು ಕೈಯಿಂದ ಬರೆದರು. ಮಧ್ಯಾಹ್ನ ಪ್ರಶಾಂತ ತನ್ನ ಬದಲಾವಣೆಯನ್ನು ಹಿಂದಕ್ಕೆ ತೆಗೆದ. ತೆಗೆದ ಕೂಡಲೇ ಎಲ್ಲ ಸರಿಹೋಯಿತು. ಸರಿಹೋದದ್ದೇ ಸಾಕ್ಷಿಯಾಯಿತು. ತಪ್ಪು ಪ್ರಶಾಂತನದೇ ಎಂದು ಮಹಾಂತೇಶ್ ಸರ್ ಹೇಳಿದರು, ಪ್ರಶಾಂತನೂ ಹಾಗೇ ನಂಬಿದ.

ಭಾನುವಾರ ಅವನು ಆ ತಪ್ಪನ್ನು ಹುಡುಕುತ್ತ ಕೂತಿದ್ದ. ಖಾಲಿ ಆಫೀಸಿನಲ್ಲಿ, ಫ್ಯಾನಿನ ಕೆಳಗೆ, ತಾನೇ ಬರೆದದ್ದನ್ನು ಸಾಲು ಸಾಲಾಗಿ ಗಟ್ಟಿಯಾಗಿ ಓದುತ್ತ. ವಾಣಿಶ್ರೀ ಪಕ್ಕದಲ್ಲಿ ಕೂತಿದ್ದಳು. ತಪ್ಪು ತನ್ನ ಆ ಒಂದು ಸಾಲಿನದೆಂದು ಅವಳಿಗೆ ಆಗಲೇ ಗೊತ್ತಾಗಿತ್ತು, ಹೇಳಬೇಕೆಂದೇ ಹೋಗಿದ್ದಳು. "ನನ್ನ ಕಡೆ ಸರಿಯಾಗೇ ಬರ್ತೈತೆ, ಸೊನ್ನೆ ಹೆಂಗಾತು ಅನ್ನಾದೇ ತಿಳೀವಲ್ದು" ಎಂದು ಅವನು ತಲೆ ಕೆರೆದುಕೊಂಡಾಗ, ನನ್ನ ಕಡೆ ಒಂದು ಸಲ ನೋಡಿ ಎಂದರೂ ಸಾಕಿತ್ತು. ಅವನೇ ಹೇಳಿದ: "ನಿನ್ನ ಕಡೆ ನೋಡೋ ಮಾತೇ ಇಲ್ಲ. ನೇಮಕ್ಕೆ ತಪ್ಪೋರಲ್ಲಿ ನೀನು ಕಡೇಯಾಕಿ." ಅದು ನಂಬಿಕೆಯ ಮಾತು. ಅವಳಿಗೆ ಅಷ್ಟು ಹತ್ತಿರದಿಂದ ಯಾರೂ ಅಂಥ ಮಾತು ಹೇಳಿರಲಿಲ್ಲ. ಅದಕ್ಕೆ ತಾನು ಎಷ್ಟು ಋಣಿ ಎಂದರೆ, ಆ ಮಾತು ಸುಳ್ಳಾಗದಿರಲಿ ಎಂದು ಬಯಸಿ ಸುಮ್ಮನಾದಳು. ಕಳ್ಳನನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ಮನೆಯ ಮಂಚದ ಕೆಳಗೆ ಬಗ್ಗಿ ನೋಡುತ್ತಿದ್ದವನಿಗೆ ಅವಳು ಎರಡು ಸಲ ಚಹಾ ತಂದುಕೊಟ್ಟಳು. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಆ ಒಂದು ಸಾಲನ್ನು ಅಳಿಸಿ, ನೇಮದ ದಾರಿಯಿಂದಲೇ ವಯಸ್ಸು ಬರುವಂತೆ ಮಾಡಿದಳು. "ಸಣ್ಣ ತಿದ್ದುಪಡಿ" ಎಂದು ಬರೆದಳು. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಮಂಗಳವಾರ ಮಹಾಂತೇಶ್ ಸರ್ ತೀರ್ಮಾನ ಹೇಳಿದರು: ಬಿಡಿಬಿಡಿ ಮಾಡಿದ್ದೇ ತಪ್ಪು, ಎಲ್ಲವನ್ನೂ ಮತ್ತೆ ಒಂದು ಮಾಡುವುದು, ಪ್ರಶಾಂತ ಇನ್ನು ಮೇಲೆ ಶಾಖೆಗಳಿಗೆ ಹೋಗಿ ಪ್ರಿಂಟರು ಕೂರಿಸುವುದು. ಬಿಲ್ಕೀಸ್ ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಬಸ್ ನಿಲ್ದಾಣದಿಂದ ಲ್ಯಾಬಿಗೆ ಹತ್ತು ನಿಮಿಷದ ನಡಿಗೆ. ಬಾಗಿಲಲ್ಲೇ ನೂರ್ಜಹಾನ್ ಸಿಕ್ಕರು. ಫೋನಿನಲ್ಲಿ ಕೇಳಿದ ಆ ದೊಡ್ಡ ದನಿಗೆ ತಕ್ಕ ದೊಡ್ಡ ಹೆಂಗಸನ್ನು ಕಲ್ಪಿಸಿಕೊಂಡಿದ್ದ ವಾಣಿಶ್ರೀಗೆ, ಬಿಳಿ ಕೋಟಿನ ತೋಳು ಮಡಿಸಿಕೊಂಡ ಗಿಡ್ಡನೆಯ ಸಣಕಲು ಹೆಂಗಸು ಎದುರಾದದ್ದು ವಿಚಿತ್ರವೆನ್ನಿಸಿತು. ಬಲಗೈಯ ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿದ್ದರು.

"ನೀನೇ ಏನವ್ವ ಫೋನಿನಾಗೆ ಇದ್ದಾಕಿ? ಬಾ ಬಾ. ನಾ ಅಷ್ಟು ಬೈದ್ರೂ ನೀನೊಬ್ಬಾಕಿ ಫೋನ್ ಇಡ್ದಂಗೆ ಪೂರ್ತಿ ಕೇಳ್ದಿ ನೋಡು. ಬ್ಯಾರೆಯೋರಾಗಿದ್ರೆ, ಮ್ಯಾಡಂ ಸ್ವಿಚ್ ಆಫ್ ಮಾಡಿ ಆನ್ ಮಾಡ್ರಿ ಅಂತಿದ್ರು."

"ನಿಮ್ಮ ಕೈಗೆ..." ಎಂದಳು ವಾಣಿಶ್ರೀ.

"ಇದಾ? ಪೆನ್ನು ಹಿಡಿದು ಇಪ್ಪತ್ತು ವರ್ಷ ಆಗಿತ್ತು ಬೇಟಿ. ಬೊಬ್ಬೆ ಬಂತು, ಹೋಗ್ತೈತೆ. ಚಾ ಕುಡೀತಿಯಾ?"

ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರು ಇವರ ಮಾತು ಕೇಳಿ ಕತ್ತೆತ್ತಿದರು. ಕೈಬಿಟ್ಟು ಹೋದ ಆ ಒಂದು ರಿಪೋರ್ಟು ಇವರದೇ, ಕಲ್ಲೇಶಪ್ಪನವರು, ಎಂದು ನೂರ್ಜಹಾನ್ ಗುರುತು ಮಾಡಿಕೊಟ್ಟರು. ಈಗ ಸಕ್ಕರೆ ಪರೀಕ್ಷೆಗೆ ಬಂದಿದ್ದರು. "ನೀವೇನು ಆ ಕಂಪ್ಯೂಟರಿನೋರು?" ಎಂದು ಕಲ್ಲೇಶಪ್ಪ ನಕ್ಕರು. ಮುಂದಿನ ಎರಡು ಹಲ್ಲು ಇರಲಿಲ್ಲ. "ಹಲ್ಲು ನೋಡಿ ಕೂಸು ಅಂತ ತಿಳ್ಕಂತೇನೋ ಅದು. ಕೆಂಪು ಗೆರೆ ನೋಡಿ ನಂದು ಮುಗೀತು ಅಂದ್ಕಂಡೆ. ರಾಣೆಬೆನ್ನೂರಿಂದ ಮಗಳನ್ನ ಕರೆಸ್ಕಂಡೆ. ಅವ್ಳು ಅಳಾದು, ನಾನು ಅವ್ಳಿಗೆ ಸಮಾಧಾನ ಹೇಳಾದು. ಸಂಜಿಗೆ ಈ ನೂರ್ಜಾನಮ್ಮ ಕೆಲ್ಸ ಮುಗ್ಸಿ ಮನೀಗೇ ಬಂದ್ಲು, ಅಜ್ಜಾ ಎದ್ದೇಳು, ನಿನ್ಗೇನೂ ಆಗಿಲ್ಲ ಅಂತ. ದೇವ್ರು ಬಂದಂಗೆ ಆತು." ಅವರು ನಗುತ್ತಲೇ ಹೇಳುತ್ತಿದ್ದರು, ಎಷ್ಟೋ ಜನಕ್ಕೆ ಹೇಳಿ ಹೇಳಿ ಅದು ಒಳ್ಳೆಯ ಕತೆಯಾಗಿತ್ತು. ಪ್ರಶಾಂತ ಮಾತ್ರ ನಗಲಿಲ್ಲ. ಮುಂದೆ ಬಾಗಿ ಮುದುಕರ ಮೊಣಕಾಲು ಮುಟ್ಟಿದ. ತನ್ನದಲ್ಲದ ತಪ್ಪಿಗೆ ಅವನು ಮುಟ್ಟಿದ ಆ ಮೊಣಕಾಲನ್ನೇ ವಾಣಿಶ್ರೀ ನೋಡುತ್ತ ನಿಂತಳು. ನೂರ್ಜಹಾನ್ ಕೈಗೆ ಕೊಟ್ಟ ಚಹಾ ಬಿಸಿಯಿತ್ತು. ಲೋಟದ ಅಂಚು ಹಿಡಿಯಬೇಕೆಂದು ತೋಚದೆ ಪೂರ್ತಿ ಮುಷ್ಟಿಯಲ್ಲೇ ಹಿಡಿದುಕೊಂಡಳು.

ಎಲ್ಲರೂ ತನಗೆ ಎಷ್ಟು ಒಳ್ಳೆಯವರು. ಇದು ಅವಳಿಗೆ ಹೊಸದಲ್ಲ, ಡೈರಿಯ ತುಂಬ ಇರುವುದೇ ಇದು. ಆದರೆ ಅಲ್ಲಿ ನಿಂತು, ಅಂಗೈ ಸುಡುತ್ತಿದ್ದಾಗ, ಈ ಒಳ್ಳೆಯತನವನ್ನೆಲ್ಲ ತಾನು ಇಷ್ಟು ದಿನ ಹೇಗೆ ಪಡೆದುಕೊಂಡೆ ಎನ್ನುವುದು ಕಂಡಿತು: ಹಿತ್ತಲಿನಿಂದ. ಸುಮ್ಮನೆ ನಿಂತು, ಅವರು ಕಂಡುಹಿಡಿಯಲಿ ಎಂದು ಕಾದು, ಸಿಕ್ಕಿದ ಮೇಲೆ ಒಂದು ಮಾತೂ ಹೇಳದೆ. ಇದು ನಾಚಿಕೆಯೆಂದು ಎಲ್ಲರೂ ಪ್ರೀತಿಯಿಂದ ಹೇಳುತ್ತಿದ್ದರು. ನಾಚಿಕೆಯೇ ಇರಬಹುದು. ಆದರೆ ನೂರ್ಜಹಾನರ ಹೆಬ್ಬೆರಳಿನ ಬೊಬ್ಬೆ ಆ ನಾಚಿಕೆಯಿಂದಲೇ ಎದ್ದದ್ದು, ರಾಣೆಬೆನ್ನೂರಿನಿಂದ ಬಂದ ಮಗಳು ಅತ್ತದ್ದೂ ಅದರಿಂದಲೇ. ಆಶ್ಚರ್ಯವೆಂದರೆ ಅವಳಿಗೆ ಆಗ ಭಯವಾಗಲಿಲ್ಲ. ಸಿಟ್ಟೂ ಬರಲಿಲ್ಲ, ತನ್ನ ಮೇಲೂ. ಯಾರೋ ಇಷ್ಟು ಹೊತ್ತು ತಾಳ್ಮೆಯಿಂದ ಕಾದಿದ್ದಾರೆ ಎನ್ನುವಂಥ ಒಂದು ಕೃತಜ್ಞತೆ ಎದೆಯಲ್ಲಿ ತುಂಬಿಕೊಂಡಿತು, ಯಾರಿಗೆಂದು ಗೊತ್ತಿಲ್ಲ.

ಒಳಕೋಣೆಯಲ್ಲಿ ಮಹಾಂತೇಶ್ ಸರ್ ಮತ್ತು ಬಿಲ್ಕೀಸ್ ಮೇಡಂ ಕೂತಿದ್ದರು. ನಡುವೆ ಪ್ರಿಂಟರಿನ ಪೆಟ್ಟಿಗೆಗಳು. "ಬರ್ರಿ ನೂರ್ಜಹಾನಮ್ಮ, ಕೂಡ್ರಿ" ಎಂದರು ಮಹಾಂತೇಶ್ ಸರ್. "ನಿಮಗೆ ಭಾಳ ತೊಂದ್ರೆ ಆತು. ನಮ್ ಹುಡುಗ ಏನೋ ಬದಲಿ ಮಾಡಾಕೆ ಹೋಗಿ ಎಡವಟ್ಟು ಮಾಡ್ದ. ಇನ್ಮ್ಯಾಲೆ ಇವೆಲ್ಲ ಬ್ಯಾರೆ ಬ್ಯಾರೆ ಇಡಲ್ಲ, ಒಂದೇ ಮಾಡ್ತೀವಿ. ಇವನನ್ನೂ ಆ ಕೆಲ್ಸದಿಂದ ತೆಗ್ದೀನಿ. ಪ್ರಶಾಂತ, ಅಮ್ಮಾರಿಗೆ ಒಂದು ಮಾತು ಹೇಳಪ್ಪ."

ಮೇಡಂ ಕೈ ಕನ್ನಡಕದ ಕಡೆ ಹೋಯಿತು. ಪ್ರಶಾಂತ ಎದ್ದುನಿಂತ. "ತಪ್ಪಾತ್ರಿ ಅಮ್ಮಾ" ಎಂದು ಶುರುಮಾಡಿದ, "ನಾನು ಸರಿಯಾಗಿ..."

"ಸರ್" ಎಂದಳು ವಾಣಿಶ್ರೀ.

ಅಷ್ಟು ಸಣ್ಣ ದನಿ. ಯಾರಿಗೂ ಕೇಳಿಸಲಿಲ್ಲವೆಂದೇ ಅವಳಿಗನ್ನಿಸಿತು. ಆದರೆ ಪ್ರಶಾಂತ ಮಾತು ನಿಲ್ಲಿಸಿದ್ದ. ಮಹಾಂತೇಶ್ ಸರ್, "ಏನವ್ವ, ನೀರು ಬೇಕಾ?" ಎಂದರು. ಬೇಡವೆಂದು ತಲೆಯಾಡಿಸಿದಳು. ಲೋಟವನ್ನು ಪೆಟ್ಟಿಗೆಯ ಮೇಲಿಟ್ಟಳು. ನಾಲ್ಕು ಮುಖಗಳು ತನ್ನ ಕಡೆ ತಿರುಗಿದ್ದವು, ಬೈಯಲಿಕ್ಕಲ್ಲ, ಕೇಳಲಿಕ್ಕೆ.

"ಅವರ ಕಡೆ ಏನೂ ತಪ್ಪಾಗಿರ್ಲಿಲ್ಲ ಸರ್. ಅವರನ್ನ ಒಂದು ಮಾತೂ ಕೇಳ್ದೆ, ಅವರಿಗೆ ತಿಳೀದಂಗೆ ಆ ವಯಸ್ಸು ತಗಂಡಿದ್ದು ನಾನು."